ಈ ಸಲ ಬ್ಯಾಗ್ ನೀವು ಹಿಡೀರಿ

ಮಂದಿ ಮನೀಗೆ ನೆಂಟರು ವಿಳಾಸ ಕೇಳ್ಕೋತ ಬರ್ತಾರ. ನಮ್ಮ ಮನೀಗೆ ಇಂಥಾ ಪ್ರಸಂಗಗಳು ಬರ್ತಾವ. ನಾ ಸುಮ್ನ ಕುಂತಿರ್ತೀನಿ, ಅವ ಬಂದು ಬಾಗಲಾ ಬಡೀತಾವ. ಕೇಳಿದವರು "ಕಾಕಾ, ನೀವು ಅರ್ಧಕ್ಕರ್ಧ ಸುಳ್ಳ ಹೇಳ್ತೀರಿ" ಅಂತಾರ. ಇದು ಅನ್ಯಾಯ. ಅರ್ಧ ಅಂದ್ರ ಭಾಳ ಆತು. ಬ್ಯಾಳಿ ಖರೇನ ಇರ್ತೈತಿ, ಒಗ್ಗರಣಿ ಅಷ್ಟ ನಂದು.

ನಿಂತ ಕಟ್ಟಿ ಮ್ಯಾಲಿಂದ

ನನ್ನ ಎಡಗಾಲು ಹೆಂಗ ಮುರೀತು ಅನ್ನೂದಕ್ಕ ಮುಂಬೈ ಘಾಟ್ಕೋಪರದ ನಮ್ಮ ಬಿಲ್ಡಿಂಗಿನಾಗ ಮೂರು ಕತಿ ಅದಾವ. ಮೂರೂ ನಾನ ಹೇಳಿದ್ದು. ಸೊಸೈಟಿ ಸೆಕ್ರೆಟರಿಗೆ, ರಿಕ್ಷಾಕ್ಕ ಅಡ್ಡ ಬಂದ ಕೂಸಿನ್ನ ಉಳಸಾಕ ಹಾರಿದೆ ಅಂತ ಹೇಳೀನಿ. ಕೆಳಗಿನ ಮನಿ ಗುಜರಾತಿ ಹೆಣ್ಮಗಳಿಗೆ, ಕಳ್ಳನ್ನ ಬೆನ್ನ ಹತ್ತಿದ್ದೆ ಅಂತ ಹೇಳೀನಿ. ವಾಚಮನ್‌ಗ ಏನ ಹೇಳಿದ್ದೆ ನನಗ ಮರತೈತಿ, ಆದ್ರ ಅಂವ ಅವತ್ತಿಂದ ನನಗ ಸೆಲ್ಯೂಟ್ ಹೊಡೀತಾನ.

ನಿಮಗ ಮಾತ್ರ ಖರೇ ಹೇಳ್ತೀನಿ. ಕಂಪೌಂಡಿನಾಗ ಒಂದು ಕಟ್ಟಿ ಐತಿ, ಮೊಣಕಾಲಷ್ಟ ಎತ್ತರ. ಸಂಜೀಕ ಅಲ್ಲಿ ಕಾಲೇಜಿನ ಹುಡುಗೂರು ಮೊಬೈಲ್ ನೋಡ್ಕೋತ ಕುಂತಿದ್ರು. ನಾ ವಿಕ್ರೋಳಿ ಫ್ಯಾಕ್ಟರಿಗೆ ಕೆಲಸಕ್ಕ ಹೋಗ್ತಿದ್ದಾಗ ಓಡೋ ಲೋಕಲ್ ಟ್ರೇನ್‌ನಿಂದ ಹೆಂಗ ಇಳೀತಿದ್ದೆ ಅಂತ ಅವರಿಗೆ ತೋರಿಸಬೇಕಂತ ಹುಕಿ ಬಂತು. ಕಟ್ಟಿ ಹತ್ತಿದೆ. ಇಲ್ಲದ ಕಂಬಾನ ಒಂದು ಕೈಲೆ ಹಿಡದೆ, ಒಂದು ಕಾಲು ಹೊರಗ ಬಿಟ್ಟೆ. "ನೋಡ್ರಲೇ, ಗಾಡಿ ಹೋಗೋ ದಿಕ್ಕಿಗೇ ಮುಖ ಇರಬೇಕು, ಮೈ ಹಗೂರ ಬಿಡಬೇಕು, ಹಿಂಗ..." ಅಂದೆ. ಹಿಂಗ ಅಂದವನ ಧಪ್ ಅಂತ ಬಿದ್ದೆ. ಜನ್ಮೆಲ್ಲಾ ಓಡೋ ಗಾಡಿಯಿಂದ ಇಳದ್ರೂ ಚರ್ಮ ತರಚಿದ್ದಿಲ್ಲ. ಹುಟ್ಟಿದಾಗಿಂದ ಒಂದು ಇಂಚೂ ಸರೀಲಾರದ ಕಟ್ಟಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡೆ.

ಡಾಕ್ಟರು ಮೊಣಕಾಲ ತನಕ ಬೆಳ್ಳಗ ಪ್ಲಾಸ್ಟರ್ ಹಾಕಿದ್ರು. ಬಾಜೂಕ ನಮ್ಮಾಕಿ ನಿಂತಿದ್ಲು. ಅಕೀಗೆ ಸಣ್ಣಾಕಿ ಇದ್ದಾಗ ಪೋಲಿಯೋ ಆಗಿ ಬಲಗಾಲು ಸೊರಗೇತಿ. ತೊಡೀತನಕ ಕಬ್ಬಿಣದ ಪಟ್ಟಿ ಇರೋ ಬೂಟು ಹಾಕ್ಕೋತಾಳ, ಅದಕ್ಕ ಕ್ಯಾಲಿಪರ್ ಅಂತಾರ. ಹೆಂಡತಿ ಅಂದ ಮ್ಯಾಲ "ಅಯ್ಯ ದೇವರ" ಅಂತಾಳಂತ ನಾ ಕಾಯ್ದೆ. ಅಕಿ ನನ್ನ ಮುಖಾ ಸೈತ ನೋಡ್ಲಿಲ್ಲ. ಪ್ಲಾಸ್ಟರ್ ನೋಡಿ ಡಾಕ್ಟರಿಗೆ ಕೇಳಿದ್ಲು: "ಇದು ಎಂದ ಬಿಚ್ಚತೀರಿ?" ಅವರು ಹೇಳಿದ್ರು. ಅಕಿ ಬೆರಳ ಮ್ಯಾಲ ಏನೋ ಲೆಕ್ಕಾ ಹಾಕಿದ್ಲು. ಆಮ್ಯಾಲೆ ನನ್ನ ಕಡೆ ಹೊಳ್ಳಿ ಅಂದ್ಲು: "ಹಂಗಾದ್ರ ಪಾರ್ಕಿಗೆ ಹೋಗೂಣು."

ಇದು ನಿಮಗ ತಿಳೀಬೇಕಂದ್ರ ಬೆಂಚಿನ ಸುದ್ದಿ ಹೇಳಬೇಕು. ದಹಿಸರ್ ಆಚೆ, ಸಮುದ್ರದ ಖಾಡಿ ದಂಡಿ ಮ್ಯಾಲ ಒಂದು ದೊಡ್ಡ ಪಾರ್ಕ್ ಐತಿ. ರೋಲರ್ ಕೋಸ್ಟರ್, ಜೋಕಾಲಿ, ಭೂತದ ಮನಿ, ಎಲ್ಲಾ. ಮುಂಬೈ ಮಂದಿ ಇಂಥಲ್ಲಿ ಹೋದ್ರ ಮನ್ಯಾಗಿನ ಒಬ್ಬರು ಬೆಂಚ ಮ್ಯಾಲ ಕುಂತು ಬ್ಯಾಗ್ ಕಾಯಬೇಕು. ಎಲ್ಲಾರ ಚಪ್ಪಲಿ, ನೀರಿನ ಬಾಟ್ಲಿ, ಡಬ್ಬಿ, ಮೊಬೈಲು, ಚಷ್ಮಾ, ಎಲ್ಲಾ ಅವರ ತೊಡಿ ಮ್ಯಾಲ. ನಮ್ಮ ಮನ್ಯಾಗ ಆ ಕೆಲಸ ನಮ್ಮಾಕೀದು. ಯಾರೂ "ನೀ ಕುಂಡ್ರು" ಅಂತ ಹೇಳಲಿಲ್ಲ, ಯಾರೂ "ಬರ್ತೀಯೇನು" ಅಂತ ಕೇಳಲೂ ಇಲ್ಲ. ಮಗಳು ಸಣ್ಣಾಕಿ ಇದ್ದಾಗ ಕುಂತಾಕಿ, ಮೊಮ್ಮಗಳು ದೊಡ್ಡಾಕಿ ಆದ್ರೂ ಅದ ಬೆಂಚ ಮ್ಯಾಲ ಇದ್ಲು. ಆ ಬೆಂಚಿನ ಎದುರಿಗೇ ರೋಲರ್ ಕೋಸ್ಟರ್. ಅದು ಹತ್ತೂದು, ಇಳಿಯೂದು, ಮಂದಿ ಚೀರೂದು ನೋಡ್ಕೋತ ಕುಂಡ್ರತಿದ್ಲು.

"ಒಂದ ಸಲ ಅದರಾಗ ಕೂಡಬೇಕ್ರಿ," ಅಂದ್ಲು. "ಪ್ಲಾಸ್ಟರ್ ಬಿಚ್ಚೂದರೊಳಗ ಹೋಗಬೇಕು. ಬಿಚ್ಚಿದ್ರ ನೀವು ಮತ್ತ ಟಣ್ಣಂತ ಹಾರ್ತೀರಿ, ಬ್ಯಾಗ್ ಮತ್ತ ನನ್ನ ತೊಡಿ ಮ್ಯಾಲ. ಈ ಸಲ ಬ್ಯಾಗ್ ನೀವು ಹಿಡೀರಿ."

ಗಂಡನ ಕಾಲು ಮುರದದ್ದಕ್ಕ ಹೆಂಡತಿ ಮುಖದಾಗ ದೀಪಾವಳಿ ಬೋನಸ್ ಬಂದಷ್ಟು ಖುಷಿ ಕಂಡಾಂವ ಇಡೀ ಮುಂಬೈದಾಗ ನಾ ಒಬ್ಬನ.

ಟೆಂಪರರಿ

ಮಗಳು, ಮೊಮ್ಮಗಳು ಇರೂದು ದಹಿಸರ್‌ದಾಗ. ಅಲ್ಲೀತನಕ ನಾವಿಬ್ಬರ ಹೋಗಬೇಕು. ಘಾಟ್ಕೋಪರದಿಂದ ಅಂಧೇರಿಗೆ ಮೆಟ್ರೋ, ಅಲ್ಲಿಂದ ಲೋಕಲ್. ನಾ ವಾಕರ್ ಹಿಡಕೊಂಡು ಕಾಲು ಎಳಕೋತ, ಅಕಿ ಠಕ್ ಠಕ್ ಅಂತ ಮುಂದ. ಪ್ಲಾಟಫಾರ್ಮಿನ ಮ್ಯಾಲ ನಿಂತು ನನಗ ಅಂದ್ಲು: "ಅಂಗವಿಕಲರ ಡಬ್ಬಾ ಇಲ್ಲೇ ಬರ್ತೈತಿ. ಸುಮ್ನ ನನ್ನ ಹಿಂದ ಹತ್ರಿ. ಒಳಗ ಹೋಗಿ ಭಾಷಣಾ ಬ್ಯಾಡ."

ಒಳಗ ಕಾಲಿಟ್ಟಿದ್ದ ತಡ, ನನ್ನ ಬೆಳ್ಳನ ಪ್ಲಾಸ್ಟರ್ ಕಂಡು ಮಂದಿ "ಆವೋ ಬಾಬಾ, ಆವೋ" ಅಂತ ದಾರಿ ಬಿಟ್ರು. ಖಿಡಕಿ ಬಾಜೂಕಿನ ಸೀಟ್ ಸಿಕ್ತು. ನಾ ಮಂತ್ರಿ ಹಂಗ ಕೈ ಮುಗದು ಕುಂತೆ. ನಮ್ಮಾಕಿ ಸೀರಿ ನೆಲಕ್ಕ ಮುಟ್ಟೂಹಂಗ ಉಟ್ಟಿದ್ಲು, ಕ್ಯಾಲಿಪರ್ ಕಾಣ್ತಿದ್ದಿಲ್ಲ. ಬಾಗಲದಾಗಿನ ದಪ್ಪ ಮನಷ್ಯಾ ಅಕೀಗೆ ಅಡ್ಡ ಕೈ ಹಿಡದು, "ಮಾವಶಿ, ಲೇಡೀಸ್ ಡಬ್ಬಾ ಮುಂದ ಐತಿ" ಅಂತ ಮರಾಠಿ ಒಳಗ ಹೇಳಿದ.

ನಮ್ಮಾಕಿ ಬೂಟಿನ್ಲೆ ಡಬ್ಬಾದ ನೆಲಕ್ಕ ಒಂದು ಕೊಟ್ಲು. ಠಣ್! ಮುಂದಿನ ಸ್ಟೇಷನ್‌ತನಕ ಕೇಳಿರಬೇಕು.

ಮೂಲ್ಯಾಗ ಕರಿ ಚಷ್ಮಾ, ಬಿಳಿ ಬಡಿಗಿ ಹಿಡದು ಒಬ್ಬಾಂವ ಕುಂತಿದ್ದ. ಕಣ್ಣು ಕಾಣೂದಿಲ್ಲ, ಆದ್ರ ಕಿವಿ ಎಷ್ಟು ಚುರುಕು! ಅಂವ ನಕ್ಕು ಅಂದ: "ಅರೇ, ಅವರಿಗೇನ ಕೇಳ್ತೀರಿ? ಹತ್ತೂವಾಗಿನ ಬೂಟಿನ ಸಪ್ಪಳಾ ಕೇಳೀನಿ, ಅವರು ನಮ್ಮವರು. ಆ ಇನ್ನೊಂದು ಸಪ್ಪಳಾ ಯಾರದು? ಕಸಬರಿಗಿ ಎಳದಂಗ ಬಂತಲ್ಲ, ಅದು ಹೊಸಾದು."

ಎಲ್ಲಾರ ಕಣ್ಣೂ ನನ್ನ ಮ್ಯಾಲ ಬಿದ್ವು. ದಪ್ಪ ಮನಷ್ಯಾ ಕೇಳಿದ: "ಬಾಬಾ, ಸರ್ಟಿಫಿಕೇಟ್?"

ನಾ ಪ್ಲಾಸ್ಟರ್ ಬಡದು ತೋರಿಸಿದೆ. "ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇನು? ಕಳ್ಳನ್ನ ಬೆನ್ನ ಹತ್ತಿದಾಗ..."

"ಕಟ್ಟಿ ಮ್ಯಾಲಿಂದ ಬಿದ್ದಾರ," ಅಂದ್ಲು ನಮ್ಮಾಕಿ. "ಬರೂ ವಾರ ಬಿಚ್ಚತಾರ. ಇವರು ಟೆಂಪರರಿ ಅದಾರ. ಪರ್ಮನೆಂಟ್ ನಾನು."

ಡಬ್ಬಾಕ್ಕ ಡಬ್ಬಾನ ನಕ್ತು. ಕರಿ ಚಷ್ಮಾದಾಂವ ಬಡಿಗಿ ಕುಟ್ಟಿ ತೀರ್ಪು ಕೊಟ್ಟ: "ಪರ್ಮನೆಂಟ್ ಜೋಡಿ ಬಂದಾರ, ಇರ್ಲಿ ಬಿಡ್ರಿ. ಆದ್ರ ಖಿಡಕಿ ಸೀಟು ಪರ್ಮನೆಂಟ್‌ಗ."

ವಿಕ್ರೋಳಿ ಫ್ಯಾಕ್ಟರ್ಯಾಗ ನಾ ಪರ್ಮನೆಂಟ್ ಇದ್ದಾಂವ. ಕ್ಯಾಂಟೀನಿನ ಲೈನಿನಾಗ ಟೆಂಪರರಿ ಮಂದೀನ್ನ ಹಿಂದ ಸರಸೂದ್ರಾಗ ನನ್ನ ಬಿಟ್ರ ಇನ್ನೊಬ್ಬ ಇದ್ದಿಲ್ಲ. ಪೆನ್ಶನ್ ತಿನ್ನೋ ವಯಸ್ಸಿನಾಗ ಎದ್ದು, ಖಿಡಕಿ ಬಿಟ್ಟು, ದಹಿಸರ್ ಬರೂತನಕ ಸೀಟಿನ ತುದೀಗೆ ಟೆಂಪರರಿ ಆಗಿ ಕುಂತೆ.

ಮೊಣಕಾಲ ಬ್ಯಾನಿಗೆ ರಂಜಕ

ಪಾರ್ಕಿನಾಗ ಹೊರಗಿನ ತಿನಸು ಬಿಡೂದಿಲ್ಲ. ಇದು ಮಗಳಿಗೆ ಗೊತ್ತಿತ್ತು, ಮೊಮ್ಮಗಳಿಗೆ ಗೊತ್ತಿತ್ತು, ನಮ್ಮಾಕೀಗೂ ಗೊತ್ತಿತ್ತು. ಆದ್ರೂ ಅಕಿ ಬ್ಯಾಗಿನಾಗ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಮತ್ತ ರಂಜಕ ಕಟ್ಟಿಕೊಂಡು ಬಂದಿದ್ಲು. ರಂಜಕ ಅಂದ್ರ ಕೆಂಪ ಮೆಣಸಿನಕಾಯಿ, ಬಳ್ಳೊಳ್ಳಿ ಕೂಡಿಸಿ ಅರದಿದ್ದು. ಡಬ್ಬಿ ತಗದ್ರ ಆಜೂಬಾಜೂದ ನಾಕು ಮನಿಗೆ ಸೀನು ಬರ್ತಾವ.

"ಅವ್ವಾ, ಒಳಗ ಎಲ್ಲಾ ಸಿಗ್ತೈತಿ," ಅಂದ್ಲು ಮಗಳು.

"ಏನ್ ಸಿಗ್ತೈತಿ? ಕರದ ಬಟಾಟಿ. ಅಷ್ಟ ಎತ್ತರಾ ಹೋಗಿ ಬಂದು ಬಟಾಟಿ ತಿನ್ನಲ್ಯಾ?"

ಗೇಟಿನಾಗ ನನಗ ಅಂತ ವೀಲ್‌ಚೇರ್ ಕೊಟ್ರು. ನಾ ಕುಂತೆ. ಅಕಿ ಡಬ್ಬೀನ್ನ ನನ್ನ ಎರಡು ಕಾಲಿನ ನಡುವ ಇಟ್ಟು, ಮ್ಯಾಲ ಚಾದರಾ ಹೊಚ್ಚಿ, "ನರಳ್ರಿ" ಅಂದ್ಲು. ನಾ ನರಳಿದೆ. ಹೆಂಗ ನರಳಿದೆ ಅಂದ್ರ ಹಿಂದಿನ ಲೈನಿನಾಗ ಇಬ್ಬರು ಕಣ್ಣೀರು ಒರಸಿಕೊಂಡ್ರು.

ಸೆಕ್ಯುರಿಟಿಯಾಂವ ಬ್ಯಾಗೆಲ್ಲಾ ತಗದು ನೋಡಿದ. ನನ್ನ ಹಂತ್ಯಾಕ ಬಂದು ಮೂಗು ಏರಿಸಿದ. "ಬಾಬಾ, ಇದೇನ್ ವಾಸನಿ?"

"ಕಾಲಿಗೆ ಲೇಪಾ ಹಚ್ಚೇವಿ. ಬೆಳಗಾಂವಿ ಕಡೆ ವೈದ್ಯರದು, ಏಳು ತಲಿಮಾರಿನಿಂದ ಬಂದದ್ದು," ಅಂದೆ. ತಲಿಮಾರು ಹನ್ನೆರಡು ಅನ್ನಾಂವ ಇದ್ದೆ, ಮಗಳು ಕಣ್ಣು ಬಿಟ್ಲು ಅಂತ ಕಡಿಮಿ ಮಾಡಿದೆ.

ಪಾಪ, ಅವನ ಮುಖಾ ಅರಳಿತು. "ಮೊಣಕಾಲ ಬ್ಯಾನಿಗೆ ಆಗ್ತೈತೇನ್ರೀ? ದಿನಾಪೂರ್ತಿ ನಿಂತು ನಿಂತು ನನ್ನ ಮೊಣಕಾಲು ಹೋಗ್ಯಾವ."

ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಇಲ್ಲ ಅಂದ್ರ ಚಾದರಾ ತಗದು ನೋಡ್ತಿದ್ದ. ಚಾದರದ ಒಳಗ ಕೈ ಹಾಕಿ, ಡಬ್ಬಿ ಸಂದಿಯಿಂದ ಒಂದು ಬೊಟ್ಟು ರಂಜಕ ತಗದು ಅವನ ಕೈಯಾಗ ಇಟ್ಟೆ. "ಸ್ವಲ್ಪ ಉರೀತೈತಿ. ಉರಿದ್ರ ಗುಣಾ ಬಂತು ಅಂತ ತಿಳಿ. ಕಣ್ಣಿಗೆ ಮಾತ್ರ ಹಚ್ಚಬ್ಯಾಡ."

ಸಂಜೀಕ ನಾವು ಹೊರಗ ಬರೂವಾಗ ಅಂವ ದೂರದಿಂದ ನನ್ನ ಕಂಡು ಓಡಿ ಬಂದ. ನಡಕೋತ ಅಲ್ಲ, ಓಡಿ! ನಾ ಚಾದರಾ ತಲೀಮ್ಯಾಲ ಎಳಕೊಂಡೆ. ಅಂವ ನನ್ನ ಕೈ ಹಿಡಕೊಂಡು ಅಂದ: "ಬಾಬಾ, ಔಷಧ ಒಂದ ನಂಬರ್! ಹಚ್ಚಿದಾಗಿಂದ ಒಂದು ಮಿನಿಟ್ ನಿಂತಿಲ್ಲ ನಾನು."

ಕರಡಿ ಯಾವೂರಿಂದು

ವೀಲ್‌ಚೇರ್ ದಬ್ಬಾಕ ಮಗಳು ಬಂದ್ಲು. ನಮ್ಮಾಕಿ ಬಿಡಲಿಲ್ಲ. ಅದರ ಹಿಡಿಕಿ ಹಿಡಕೊಂಡ್ರ ಅಕೀಗೆ ನಡಿಯಾಕ ಭಾಳ ಛಲೋ ಆಗ್ತಿತ್ತು. ಬಡಿಗಿಗಿಂತ ಗಟ್ಟಿ ಆಸರಾ. "ಗಾಡಿ ಛಲೋ ಐತ್ರಿ," ಅಂದ್ಲು, "ನೀವು ಇಳದ್ರ ಇನ್ನೂ ಛಲೋ ಓಡ್ತೈತಿ."

ನೋಡೋ ಮಂದೀಗೆ ಇದೇನ ಗೊತ್ತು? ಸೀರಿ ಉಟ್ಟ ಮುದುಕಿ ಕುಂಟ್ಕೋತ ದಬ್ಬಾಕತ್ತಾಳ, ದಾಂಡಿಗನಂಥಾ ಮುದಕಾ ಕಾಲು ಚಾಚಿ ಕುಂತಾನ. ಹಾದೀ ಹಿಡದು ಹೋಗೋ ಒಬ್ಬ ಹೆಣ್ಮಗಳು ನಿಂತು ನನಗ ಅಂದ್ಲು: "ಕಾಕಾ, ನಾಚಿಕಿ ಬರೂದಿಲ್ಲೇನು?" ಇನ್ನೊಬ್ಬಾಂವ ನಮ್ಮಾಕೀಗೆ ಎಳನೀರು ತಂದು ಕೊಟ್ಟ. ನನಗ ಇಲ್ಲ. ಅಕಿ ಸೊರ್ ಸೊರ್ ಅಂತ ಪೂರಾ ಕುಡದ್ಲು.

ಒಂದು ಕಡೆ ಇಳುಕಲು ಇತ್ತು. ಅಲ್ಲೇ ಅಕೀ ಸೆರಗು ಜಾರಿತು. ಸೆರಗು ಸರಿ ಮಾಡ್ಕೊಳ್ಳಾಕ ಹಿಡಿಕಿ ಬಿಟ್ಲು.

"ಏನ್ರಿ! ಬ್ರೇಕ್ ಹಾಕ್ರಿ!"

"ಬ್ರೇಕ್ ಎಲ್ಲೈತಿ?"

ಗಾಡಿ ಹೊಂಟಿತು. ಫಾಸ್ಟ್ ಲೋಕಲ್ ನೋಡೀರಿ? ಸಣ್ಣ ಸ್ಟೇಷನ್ ಯಾವದಕ್ಕೂ ನಿಲ್ಲೂದಿಲ್ಲ. ಹಂಗ ಐಸ್‌ಕ್ರೀಮ್ ಅಂಗಡಿ ಬಿಟ್ಟೆ, ಬಲೂನ್ ಮಾರಾಂವನ್ನ ಬಿಟ್ಟೆ, ಕಾರಂಜಿ ಸುತ್ತ ಒಂದು ಪ್ರದಕ್ಷಿಣಿ ಹಾಕಿದೆ. ಎದುರಿಗೆ ಒಂದು ದೊಡ್ಡ ಕರಡಿ, ಅಂದ್ರ ಕರಡಿ ವೇಷ ಹಾಕಿದಾಂವ, ಹುಡುಗೂರ ಜೋಡಿ ಫೋಟೋ ತಗಸ್ಕೊಳ್ಳಾಕತ್ತಿದ್ದ. ನಾ ಸೀದಾ ಅವನ ಹೊಟ್ಟ್ಯಾಗ ಹೋಗಿ ನಿಂತೆ.

"ಯವ್ವಾ, ಸತ್ತೆನಲ್ರೋ!" ಅಂತು ಕರಡಿ.

ನನಗ ಕಾಲಿನ ಬ್ಯಾನಿ ಮರತು ಹೋತು. "ಯಾವೂರಪಾ ಕರಡಿ?"

"ವಿಜಾಪುರ ಕಡೇದ್ರೀ ಅಜ್ಜಾರ," ಅಂತು ಕರಡಿ, ಹೊಟ್ಟಿ ತಿಕ್ಕೋತ. ಊರಾಗ ಹೆಂಡತಿ ಮಕ್ಕಳು ಅದಾರಂತ, ಇಲ್ಲೇ ಕರಡಿ ಕೆಲಸ ಸಿಕ್ಕೈತಂತ. ಆಮ್ಯಾಲೆ ಅದರ ದೊಡ್ಡ ಮೂತಿ ನನ್ನ ಚಾದರದ ಕಡೆ ಬಾಗಿತು. "ಅಜ್ಜಾರ, ತಪ್ಪ ತಿಳೀಬ್ಯಾಡ್ರಿ. ರೊಟ್ಟಿ ವಾಸನಿ ಬರಾಕತ್ತೈತಲ್ರೀ?"

ಅಷ್ಟೊತ್ತಿಗೆ ನಮ್ಮಾಕಿ ಬಂದು ಮುಟ್ಟಿದ್ಲು. "ಬರ್ತೈತಿ. ಈಗ ಅಲ್ಲ ತಮ್ಮಾ. ನಾ ಮ್ಯಾಲ ಹೋಗಿ ಬರ್ತೀನಿ, ಆಮ್ಯಾಲೆ ಎಲ್ಲಾರೂ ಕೂಡಿ ಉಣ್ಣೂಣು," ಅಂತ ರೋಲರ್ ಕೋಸ್ಟರ್ ಕಡೆ ಬೆರಳು ಮಾಡಿ ತೋರಿಸಿದ್ಲು.

ಬಾಜೂಕ ನಿಂತ ಒಂದು ಕೂಸು ತನ್ನ ತಾಯಿಗೆ ಹಿಂದಿ ಒಳಗ ಕೇಳಿತು, ಕರಡಿ ಯಾವ ಭಾಷಾ ಮಾತಾಡ್ತೈತಿ ಅಂತ. ಆ ತಾಯಿ ಹೇಳಿದ್ಲು: "ಜಂಗಲ್‌ದ್ದು ಬೇಟಾ." ನಾ ಸಿಟ್ಟಿಗೇಳಲಿಲ್ಲ. ಮುಂಬೈದಾಗ ನಮ್ಮ ಮೊಮ್ಮಕ್ಕಳಿಗೆ ಬರಲಾರದ ಕನ್ನಡಾ ಒಂದು ಕರಡಿಗೆ ಬರ್ತೈತಲ್ಲ ಅಂತ ಎದಿ ಉಬ್ಬಿಸಿ ಮುಂದ ಹೊಂಟೆ.

ಕೈ ಕೊಡು

ಬೆಳಗಿನಿಂದ ನಾ ಕಂಡ ಕಂಡವರಿಗೆ ಒಂದ ಮಾತು ಹೇಳ್ಕೋತ ಬಂದಿದ್ದೆ: "ಈ ಪ್ಲಾಸ್ಟರ್ ಒಂದು ಇರಲಿಲ್ಲಂದ್ರ ಕೋಸ್ಟರಿನ ಮೊದಲ್ನೇ ಸೀಟಿನಾಗ ನಾನ ಇರ್ತಿದ್ದೆ." ದೊಡ್ಡ ದನೀಲೆ ಹೇಳೋ ಮಾತಿನ ತ್ರಾಸ ಏನಂದ್ರ, ಯಾರರೆ ಕೇಳಿಸಿಕೊಂಡು ಬಿಡ್ತಾರ.

ವೀಲ್‌ಚೇರ್ ಇದ್ದವರಿಗೆ ಬ್ಯಾರೆ ದಾರಿ. ಲೈನಿಲ್ಲದ ಸೀದಾ ಗಾಡಿ ಹತ್ತೋ ಕಟ್ಟಿಗೇ ಬಂದ್ವಿ. ಅಲ್ಲಿ ಸೂಪರ್ವೈಸರ್ ನಗ್ಕೋತ ನಿಂತಿದ್ದ, ಬಾಜೂಕ ಪೈಲವಾನರಂಥಾ ಇಬ್ಬರು. "ಬಾಬಾ, ಕೆಳಗಿನವರು ಹೇಳಿದ್ರು, ನಿಮಗ ಭಾಳ ಆಸೆ ಐತಂತ. ಆಸೆ ಯಾಕ ಉಳೀಬೇಕು? ಎತ್ರಪಾ!"

ಎತ್ತಿದ್ರು. ನನ್ನ ಕಾಲು ಗಾಳ್ಯಾಗ. ಆ ಗಾಡಿ ಸೀಟು ನನ್ನ ಕಡೆ ಬಾಯಿ ತಗದು ಕುಂತಿತ್ತು. ನಾ ಅಂದೆ, ಬಿ.ಪಿ. ಐತಿ. "ಏನಾಗೂದಿಲ್ಲ ಬಾಬಾ." ಸಕ್ಕರಿ ಐತಿ. ಬೆನ್ನಬ್ಯಾನಿ ಐತಿ. ಎದಿ ಹೊಡಕೊಳ್ತೈತಿ. ಎದುರಿಗೆ ಗ್ವಾಡಿ ಮ್ಯಾಲ ಯಾರ್ಯಾರು ಕೂಡಬಾರದು ಅಂತ ಬೋರ್ಡ್ ಇತ್ತು, ಅದರಾಗಿದ್ದ ಬ್ಯಾನಿ ಎಲ್ಲಾ ಓದಿ ಹೇಳಿದೆ. ಕಡೀಕ ಗರ್ಭಿಣಿಯರು ಅಂತ ಇತ್ತು, ಅದನ್ನೂ ಹೇಳಾಂವ ಇದ್ದೆ. ಅಷ್ಟೊತ್ತಿಗೆ ನಮ್ಮಾಕಿ ದನಿ ಬಂತು.

"ಅವರನ್ನ ಇಳಸ್ರಿ. ಕೂಡಾಕಿ ನಾನು."

ಸೂಪರ್ವೈಸರ್ ಅಕೀನ್ನ ನೋಡಿದ. ಆಮ್ಯಾಲೆ ಸೀರಿ ಕೆಳಗಿನ ಬೂಟು ನೋಡಿದ. ನಗೂದು ನಿಂತಿತು. "ಮಾವಶಿ, ಇದು ನಡ್ಯಾಂಗಿಲ್ಲ. ಕಬ್ಬಿಣಾ ಐತಿ. ಮ್ಯಾಲ ಹೋದಾಗ ಯಾರಿಗರೆ ಬಡೀತೈತಿ."

ಮಗಳು ಅಕೀ ಹೆಗಲಿಗೆ ಕೈ ಹಾಕಿದ್ಲು. "ಹೋಗ್ಲಿ ಬಿಡವ್ವಾ. ನಡಿ, ಬೆಂಚ ಮ್ಯಾಲ ಕೂಡೂಣು."

ಬೆಂಚು ಅಂದಿದ್ದ ತಪ್ಪಾತು ನೋಡ್ರಿ.

"ಕಬ್ಬಿಣಾ ಬ್ಯಾಡಂದ್ರ ಬಿಚ್ಚಿಡ್ತೀನಿ," ಅಂದ್ಲು ನಮ್ಮಾಕಿ.

"ಬಿಚ್ಚಿದ್ರ ಕಾಲಾಗ ಬಲಾ ಇರೂದಿಲ್ಲಲ್ಲ ಮಾವಶಿ?"

"ನಿಮ್ಮ ಗಾಡಿ ನನ್ನ ಕಾಲ್ಲೆ ಓಡ್ತೈತೇನು?"

ಪೈಲವಾನರು ಒಬ್ಬರ ಮುಖಾ ಒಬ್ಬರು ನೋಡಿದ್ರು. ಸೂಪರ್ವೈಸರ್ ಕೆಮ್ಮಿದ. ಅವಂದೂ ತಪ್ಪಲ್ಲ, ಅವಗ ಅವನ ಕೆಲಸ. "ಹಂಗಲ್ಲ. ನೆಟ್ಟಗ ಕುಂತು ಎರಡೂ ಕೈಲೆ ಗಟ್ಟಿ ಹಿಡಕೋಬೇಕು. ಹಿಡತಾ ಗಟ್ಟಿ ಇದ್ರ ನಾ ಬಿಡ್ತೀನಿ. ಇಲ್ಲಂದ್ರ ಇಲ್ಲ."

"ಕೈ ಕೊಡು," ಅಂದ್ಲು.

ಅಂವ ಕೊಟ್ಟ. ಅಂವಗೇನ ಗೊತ್ತು? ಕಾಲು ಮಾಡೋ ಕೆಲಸಾನೆಲ್ಲಾ ಆ ಕೈ ಮಾಡ್ಯಾವ. ಚಾಳಿನ ಮೂರನೇ ಮಾಳಿಗಿಗೆ ಮೆಟ್ಟಲಿನ ಕಂಬಿ ಹಿಡಕೊಂಡು ನೀರಿನ ಕೊಡಾ ಹೊತ್ತಾಳ. ಲೋಕಲ್‌ನಾಗ ಒಂದು ಕೈಲೆ ಕಂಬಾ, ಒಂದು ಕೈಲೆ ಮಗಳನ್ನ ಹಿಡದು ನಿಂತಾಳ. ನಾ ಮದುವಿ ದಿನಾ ಕೈ ಹಿಡದಾಂವ, ಇನ್ನೂ ಬಿಡಿಸ್ಕೊಳ್ಳಾಕ ಆಗಿಲ್ಲ.

ಅಕಿ ಹಿಡದ್ಲು. ಸೂಪರ್ವೈಸರನ ಮುಖಾ ಮೊದಲ ಕೆಂಪಾತು, ಆಮ್ಯಾಲೆ ಹಳದಿ ಆತು, ಆಮ್ಯಾಲೆ ನನ್ನ ಪ್ಲಾಸ್ಟರಿನ ಬಣ್ಣಕ್ಕ ಬಂತು. "ಆತು ಮಾವಶಿ! ಸಾಕು! ಕೂಡ್ರಿ! ಮೊದಲ್ನೇ ಸೀಟಿನಾಗ ಕೂಡ್ರಿ!"

ಸೀಟಿನ ಪಟ್ಟಾ ತಾನ ಜಗ್ಗಿ ಜಗ್ಗಿ ನೋಡಿ ಬಿಗದ. ಆಮ್ಯಾಲೆ ಗಾಡಿ ಬಿಡೋ ಬಟನ್ ಎಡಗೈಲೆ ಒತ್ತಿದ. ಬಲಗೈ ಬಗಲಾಗ ಇಟ್ಟಕೊಂಡಿದ್ದ.

ನನ್ನ ಬೆಂಚು

ಒಂದು ಮಾತು ಬಿಟ್ಟೆ. ಕೂಡೂದಕ್ಕಿಂತ ಮೊದಲ ಅಕಿ ಕ್ಯಾಲಿಪರ್ ಬಿಚ್ಚಿ ನನ್ನ ತೊಡಿ ಮ್ಯಾಲ ಇಟ್ಲು. ಚಾದರದಾಗಿನ ಡಬ್ಬಿ ಬ್ಯಾಗಿಗೆ ಹಾಕಿ, ಅದರ ಮ್ಯಾಲ ಬ್ಯಾಗ್ ಇಟ್ಲು. "ಎರಡೂ ಕಾಯ್ರಿ," ಅಂದ್ಲು. ಪೈಲವಾನರು ಅಕೀನ್ನ ಎತ್ತಿ ಕೂಡಿಸಿದ್ರು, ಬಾಜೂಕ ಮೊಮ್ಮಗಳು ಕುಂತ್ಲು. ಮಗಳು ನನ್ನ ಕೆಳಗ ತಂದು ಬೆಂಚಿನ ಹಂತ್ಯಾಕ ನಿಲ್ಲಿಸಿ, ತಾನು ನೋಡಲಾರದ ಕಣ್ಣು ಮುಚ್ಚಿಕೊಂಡು ನಿಂತ್ಲು.

ಅದ ಬೆಂಚು. ನಾ ಎಷ್ಟೋ ಸಲಾ ಅದರ ಮುಂದ ಹಾದು ಹೋಗೀನಿ, ಅದರಿಂದ ಏನ ಕಾಣ್ತೈತಿ ಅಂತ ನೋಡಿದ್ದಿಲ್ಲ. ಎಲ್ಲಾ ಕಾಣ್ತೈತ್ರಿ. ಬೆಂಚ ಮ್ಯಾಲಿದ್ದವರು ಮಾತ್ರ ಯಾರಿಗೂ ಕಾಣೂದಿಲ್ಲ. ನನ್ನಂಥಾವಗ ಇದು ಭಾಳ ಕಷ್ಟ. ಐದು ಮಿನಿಟಾತು, ಒಬ್ಬರೂ ನನ್ನ ಪ್ಲಾಸ್ಟರ್ ಹೆಂಗಾತು ಅಂತ ಕೇಳಲಿಲ್ಲ.

ಕಟ ಕಟ ಕಟ ಅಂತ ಗಾಡಿ ಮ್ಯಾಲ ಏರಾಕತ್ತಿತು. ಮೊದಲ್ನೇ ಸೀಟಿನಾಗ ಕೆಂಪ ದಡಿ ಇಳಕಲ್ ಸೀರಿ. ಸೆರಗು ಬಿಗದು ಸಿಗಿಸಿದ್ಲು, ಬೆನ್ನು ನೆಟ್ಟಗ. ನನಗ ಏನೋ ಆತು. ಕುಂಡ್ರಾಕ ಆಗಲಿಲ್ಲ. ಹಾದಿ ಮ್ಯಾಲಿನವರಿಗೆಲ್ಲಾ ಕೂಗಿ ಹೇಳಾಕತ್ತಿದೆ: "ಅಲ್ಲಿ ನೋಡ್ರಿ! ಎಲ್ಲಾರಕಿಂತ ಮುಂದ! ಅಕಿ ನಮ್ಮಾಕಿ!"

ಅಷ್ಟೊತ್ತಿಗೆ ಕರಡಿ ಬಂದು ಬಾಜೂಕ ನಿಂತಿತ್ತು. "ಹಿಡೀಪಾ ಒಂದ ಸ್ವಲ್ಪ," ಅಂತ ಬ್ಯಾಗ್ ಅದರ ಕೈಯಾಗ ಕೊಟ್ಟೆ. ಪ್ಲಾಸ್ಟರ್ ಕಾಲೂರಿ ಎದ್ದು ನಿಂತೆ. ಅಕೀ ಕ್ಯಾಲಿಪರ್ ಎರಡೂ ಕೈಲೆ ತಲೀ ಮ್ಯಾಲ ಎತ್ತಿ, ಗೆದ್ದವರು ಕಪ್ ಎತ್ತಿದಂಗ ಎತ್ತಿ, "ನಮ್ಮಾಕಿ! ನಮ್ಮಾಕಿ!" ಅಂತ ಕುಣದೆ. ಬೆನ್ನ ಹಿಂದ ಒಬ್ಬ ಹೆಣ್ಮಗಳು ಚಿಟ್ಟನ ಚೀರಿ ತನ್ನ ಗಂಡಗ ಅಂದ್ಲು: "ನೋಡ್ರಿ! ಬಾಬಾನ ಕಾಲು ಕೈಯಾಗ ಬಂತು!"

ತುದೀಗೆ ಹೋಗಿ ಗಾಡಿ ಒಂದು ಉಸಿರಿನಷ್ಟು ನಿಂತಿತು. ನಮ್ಮಾಕಿ ಕೆಳಗ ನೋಡಿದ್ಲು. ಒಂದು ಕೈ ಬಿಟ್ಟು ನನ್ನ ಕಡೆ ಬೆರಳು ಮಾಡಿದ್ಲು, ಬಾಯಿ ಇಷ್ಟಗಲಾ ತಗದು ಏನೋ ಕೂಗಿದ್ಲು. ಎಷ್ಟ ಖುಷಿ ಆಗಿರಬೇಕು ಅಂತ ನನ್ನ ಕಣ್ಣಾಗ ನೀರು ಬಂದ್ವು. ನಾ ಇನ್ನೂ ಜೋರ್ಲೆ ಕ್ಯಾಲಿಪರ್ ಬೀಸಿದೆ. ಅಕಿ ಇನ್ನೂ ಜೋರ್ಲೆ ಕೂಗಿದ್ಲು. ಗಾಡಿ ಝುರ್ರಂತ ಕೆಳಗ ಬಿತ್ತು, ತಿರುಗಿತು, ಮಗಚಿತು, ಮಂದಿ ಎಲ್ಲಾ ದೇವರನ್ನ ಕರದ್ರು.

ಗಾಡಿ ನಿಂತ ಮ್ಯಾಲ ನನ್ನ ಮತ್ತ ಮ್ಯಾಲಿನ ಕಟ್ಟಿಗೆ ಒಯ್ದ್ರು. ಮೊಮ್ಮಗಳ ಮುಖಾ ಹಿಟ್ಟಿನಂಗ ಆಗಿತ್ತು. "ಅಜ್ಜಾ, ಅಜ್ಜೀಗೆ ಡರ್ ಬಿಲ್ಕುಲ್ ಇಲ್ಲ. ಪೂರಾ ಟೈಮ್ ಒಂದೇ ಬಾತ್. 'ಕರಡಿ! ಬ್ಯಾಗ್! ಕರಡಿ! ಬ್ಯಾಗ್!' ಉಲ್ಟಾ ಆದಾಗ ಭೀ."

ನಮ್ಮಾಕಿ ಕೂದಲಾ ಕೆದರಿ ನಾಕೂ ದಿಕ್ಕಿಗೆ ನಿಂತಿದ್ವು. ಸೀಟಿನಿಂದ ಇಳಿಯೂದಕ್ಕಿಂತ ಮೊದಲ ಕೇಳಿದ್ಲು: "ಬ್ಯಾಗ್ ಎಲ್ಲಿ?"

ನಾ ನನ್ನ ತೊಡಿ ನೋಡ್ಕೊಂಡೆ. ಕ್ಯಾಲಿಪರ್ ಇತ್ತು.

"ಮ್ಯಾಲಿಂದ ನೋಡೀನಿ. ನೀವು ನನ್ನ ಬೂಟು ಹಿಡಕೊಂಡು ಹುಚ್ಚರಂಗ ಕುಣೀತಿದ್ರಿ, ಆ ಕರಡಿ ನನ್ನ ಬ್ಯಾಗ್ ತಗೊಂಡು ಹಿಂದಿನ ಶೆಡ್ಡಿಗೆ ಹೋತು. ಇಷ್ಟ ವರ್ಷ ಬ್ಯಾಗ್ ಕಾಯ್ದೀನಿ, ಒಂದು ಕರವಸ್ತ್ರಾ ಕಳದಿಲ್ಲ. ನೀವು ಒಂದು ಸುತ್ತು ಮುಗಿಯೂದರಾಗ ಪೂರಾ ಬ್ಯಾಗು ಕರಡೀಗೆ ಕೊಟ್ರಿ!"

ಶೆಡ್ಡಿನ ಹಿಂದ ಹೋಗಿ ನೋಡಿದ್ವಿ. ಕರಡಿ ತಲಿ ನೆಲದ ಮ್ಯಾಲಿತ್ತು. ಬಾಜೂಕ ವಿಜಾಪುರದಾಂವ ಕುಂತು ಕಡೀ ರೊಟ್ಟಿ ತುಣಕಿಗೆ ಕಡೀ ರಂಜಕ ಹಚ್ಚಾಕತ್ತಿದ್ದ. ಕಣ್ಣಾಗ ನೀರು ಸುರೀತಿದ್ವು. ನಮ್ಮನ್ನ ಕಂಡು ಎದ್ದು ನಿಂತ. "ತಪ್ಪಾತ್ರೀ ಅವ್ವಾರ. ಒಂದು ತಿನ್ನೂಣಂತ ತಗದೆ. ಊರಾಗಿನ ರೊಟ್ಟಿ ಹಂಗ ಇತ್ತು, ಕೈ ನಿಲ್ಲಲಿಲ್ಲ."

ನಾ ಜಗಳಕ್ಕ ತಯಾರಾದೆ. ನಮ್ಮಾಕಿ ಡಬ್ಬ್ಯಾಗ ಇಣುಕಿ ನೋಡಿದ್ಲು. "ಹಿಂಡಿ ಹಂಗ ಬಿಟ್ಟಿ, ಬರೇ ರಂಜಕ ತಿಂದಿ. ಕಣ್ಣೀರು ಬರದ ಏನ್ ಬರ್ತಾವ? ನೀರು ಕುಡಿ ಮೊದಲ." ಆಮ್ಯಾಲೆ ನಾವೆಲ್ಲಾ ಕರದ ಬಟಾಟಿ ತಿಂದ್ವಿ. ಕರಡೀಗೆ ಬ್ಯಾಡಾಗಿತ್ತು, ಅದರ ಹೊಟ್ಟಿ ತುಂಬಿತ್ತು.

ಬಟಾಟಿ ತಿಂದು ಕೈ ಒರಸ್ಕೊಂಡು ಅಂದ್ಲು: "ನನ್ನ ಲಕ್ಷ್ಯ ಎಲ್ಲಾ ಬ್ಯಾಗಿನ ಮ್ಯಾಲಿತ್ತು. ಏನೂ ನೋಡಲಿಲ್ಲ. ಇನ್ನೊಮ್ಮೆ ಹೋಗ್ತೀನಿ." ಹೋದ್ಲು. ಅಕಿ ಬರೂದು ನೋಡಿ ಸೂಪರ್ವೈಸರ್ ಎರಡೂ ಕೈ ಕಿಸೇದಾಗ ಹಾಕ್ಕೊಂಡು ದಾರಿ ಬಿಟ್ಟ.

ತುದೀಗೆ ಹೋದಾಗ ಅಲ್ಲೇ ಒಂದು ಮಷೀನು ಫೋಟೋ ತಗೀತೈತಿ. ಮೊದಲ್ನೇ ಸಲದ ಫೋಟೋ ತಂದು ನಮ್ಮ ಹಾಲಿನಾಗ ಹಾಕೀವಿ. ಹಿಂದಿನವರೆಲ್ಲಾ ಕಣ್ಣು ಮುಚ್ಯಾರ. ನಮ್ಮಾಕಿ ಒಬ್ಬಾಕಿ ಕಣ್ಣು ತಗದು, ಬೆರಳು ಮಾಡಿ, ಝಾನ್ಸಿ ರಾಣಿ ಹಂಗ ಕುಂತಾಳ. ಬಂದವರೆಲ್ಲಾ "ಎಷ್ಟ ಖುಷೀಲೆ ಚೀರ್ಯಾರ ನೋಡ್ರಿ!" ಅಂತಾರ. ಸಿಗಿಸಿದ ಸೆರಗು ಬಿಚ್ಚಿ ಹಾರಿ ಬಾಜೂಕಿನ ಮೊಮ್ಮಗಳ ಮುಖಾ ಮುಚ್ಚೇತಿ, ಕೈ ಅಷ್ಟ ಕಾಣ್ತಾವ. ಆ ಸೆರಗಿನ ಹಿಂದ ಇರಾಂವ ನಾನ ಅಂತ ನಾ ಎಲ್ಲಾರಿಗೂ ಹೇಳ್ತೀನಿ. ಸೆಕ್ರೆಟರಿ ಹಂತ್ಯಾಕ ಹೋಗಿ ನೋಡಿ ಕೇಳಿದ: "ಕಾಕಾ, ನಿಮ್ಮ ಉಗುರಿಗೆ ನೀಲಿ ಬಣ್ಣಾ?" ನಾ ಅಂದೆ, ಪ್ಲಾಸ್ಟರ್ ಹಾಕಿದವರಿಗೆ ಈಗ ಹಂಗ ಹಚ್ಚತಾರ.

ಪ್ಲಾಸ್ಟರ್ ಬಿಚ್ಚಾಕ ಹೋದಾಗ ಅದು ಆಗಲೇ ಬಿರುಕು ಬಿಟ್ಟಿತ್ತು. "ಏನ್ ಮಾಡಿದ್ರಿ?" ಅಂದ್ರು ಡಾಕ್ಟರು. ನಾ ಹೇಳೂದರಾಗ ನಮ್ಮಾಕಿ ಹೇಳಿದ್ಲು: "ಕುಣದಾರ." ಕಾಲು ಮಾತ್ರ ಕೂಡಿತ್ತು. ನಾ ಮಂಚದಿಂದ ಇಳದೆ, ಎರಡು ಹೆಜ್ಜಿ ಹಾಕಿದೆ, ಟಣ್ಣಂತ ಒಂದು ಹಾರಿ ತೋರಿಸಿದೆ. ಆಮ್ಯಾಲೆ ಅಕೀ ಮುಖಾ ನೆನಪಾತು. ಕಾಲು ನೆಟ್ಟಗಾದ್ರ ಬ್ಯಾಗ್ ಮತ್ತ ಅಕೀ ತೊಡಿ ಮ್ಯಾಲ, ಅಕಿ ಮತ್ತ ಬೆಂಚ ಮ್ಯಾಲ. ಹಂಗಾಗಬಾರದಂತ ನಾನ ಮೊದಲ ಬಾಯಿ ಬಿಟ್ಟೆ: "ಏಯ್, ಮುಂದಿನ ಸಲಾನೂ ಬ್ಯಾಗ್ ನಾನ ಹಿಡೀತೀನಿ. ನೀ ಮ್ಯಾಲ ಹೋಗು."

ಅಕಿ ನನ್ನ ಮ್ಯಾಲಿಂದ ಕೆಳಗಿನತನಕ ಒಂದು ಸಲ ನೋಡಿದ್ಲು.

"ಬ್ಯಾಗ್ ನಿಮ್ಮ ಕೈಯಾಗ ಕೊಡಾಂಗಿಲ್ಲ, ಅದನ್ನ ಮಗಳು ಹಿಡೀತಾಳ. ನೀವು ಬೆಂಚ ಮ್ಯಾಲ ಕುಂತು ನನ್ನ ಕ್ಯಾಲಿಪರ್ ಅಷ್ಟ ಕಾಯ್ರಿ," ಅಂದ್ಲು. "ಅದನ್ನ ಕರಡಿ ತಿನ್ನೂದಿಲ್ಲ."